ತರಗತಿಯ ತೆರೆಯೂ ಕನ್ನಡದ ಧ್ವನಿಯೂ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಜ್ಞಾನಾರ್ಜನೆಗೆ ಅವರು ಕಂಡುಕೊಂಡಿದ್ದ ಮಾರ್ಗಗಳು ಎರಡು. ಕಣ್ಣಾರೆ ಕಂಡು ತಿಳಿಯುವುದು ಒಂದು. ಗ್ರಂಥಮುಖದಿಂದ ತಿಳಿಯುವುದು ಮತ್ತೊಂದು. ಇಂದಿನ ವಿದ್ಯಾರ್ಥಿಗೆ ಇವೆರಡರ ನಡುವೆ ಮೂರನೆಯದೊಂದು ಹಾದಿ ತೆರೆದಿದೆ. ಅಂಗೈಯಗಲದ ಗಾಜಿನ ತೆರೆಯ ಮೇಲೆ ದೇಶವೂ ಬರುತ್ತದೆ, ಕೋಶವೂ ಬರುತ್ತದೆ. ಈ ತೆರೆಯನ್ನು ತರಗತಿಯೊಳಕ್ಕೆ ಬರಮಾಡಿಕೊಳ್ಳಬೇಕೆ, ಬೇಡವೆ ಎಂಬ ಚರ್ಚೆಗೆ ಈಗ ಹೆಚ್ಚಿನ ಅರ್ಥವಿಲ್ಲ, ಅದು ಬಂದಾಗಿದೆ. ತೆರೆಯ ಮೇಲೆ ಚಿತ್ರ ಮೂಡಿದಾಗ ಅದರ ಪಕ್ಕದಲ್ಲಿ ನಿಂತು ಮಾತನಾಡುವವರು ಯಾರು, ಯಾವ ಭಾಷೆಯಲ್ಲಿ ಮಾತನಾಡುವರು, ಆ ಮಾತು ಮಗುವಿನ ಮನಸ್ಸನ್ನು ಮುಟ್ಟುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಪರನಾಡಿನ ನಗರವೊಂದರಲ್ಲಿ ಕನ್ನಡದಲ್ಲಿ ಪಾಠ ಹೇಳುವ ಶಾಲೆಗೆ ಇದು ಅಳಿವು ಉಳಿವಿನ ಪ್ರಶ್ನೆಯೇ ಆಗಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಪಾಠಕ್ಕೆ ಚಿತ್ರದ ನೆರವು ಪಡೆಯುವುದು ಹೊಸ ಸಂಗತಿಯೇನೂ ಅಲ್ಲ. ಮಕ್ಕಳಿಗೆಂದು ಚಿತ್ರಸಹಿತವಾದ ಪಠ್ಯಪುಸ್ತಕವನ್ನು ಕೊಮೇನಿಯಸ್ ಎಂಬ ಶಿಕ್ಷಣತಜ್ಞನು 1658ರಲ್ಲಿಯೇ ಪ್ರಕಟಿಸಿದನು. ವಸ್ತುವನ್ನು ಕಂಡ ಬಳಿಕ ಹೆಸರನ್ನು ಕಲಿಯುವುದು ಸುಲಭವೆಂಬುದು ಅವನ ನಂಬಿಕೆಯಾಗಿತ್ತು. ಅನಂತರ ಗೋಡೆಯ ಭೂಪಟ, ಗೋಳ, ಮಾಯಾದೀಪ, ಚಲನಚಿತ್ರ, ರೇಡಿಯೋ ಮುಂತಾದವು ಒಂದರ ಹಿಂದೊಂದು ಶಾಲೆಯ ಹೊಸ್ತಿಲನ್ನು ದಾಟಿ ಬಂದವು. ಅಮೆರಿಕದ ಎಡ್ಗರ್ ಡೇಲ್ ಎಂಬ ಪ್ರಾಧ್ಯಾಪಕರು 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದೃಕ್‌ಶ್ರವಣ ಸಾಧನಗಳನ್ನೆಲ್ಲ ಒಂದು ಶಂಕುವಿನ ಆಕಾರದಲ್ಲಿ ಜೋಡಿಸಿ ತೋರಿಸಿದರು. ಕೈಯಾರೆ ಮಾಡುವ ಕಾರ್ಯ ಆ ಶಂಕುವಿನ ತಳದಲ್ಲಿತ್ತು. ಕೇವಲ ಶಬ್ದ ಅದರ ತುದಿಯಲ್ಲಿತ್ತು. ಓದಿದುದರಲ್ಲಿ ಶೇಕಡಾ 10, ಕೇಳಿದುದರಲ್ಲಿ ಶೇಕಡಾ 20 ನೆನಪಿನಲ್ಲಿ ಉಳಿಯುತ್ತದೆ ಎಂಬ ಲೆಕ್ಕವೊಂದನ್ನು ಅವರ ಹೆಸರಿನಲ್ಲಿ ಈಗಲೂ ಅನೇಕ ಸಭೆಗಳಲ್ಲಿ ಹೇಳುವುದುಂಟು. ಈ ಅಂಕಿಗಳು ಡೇಲ್ ಅವರ ಶಂಕುವಿನಲ್ಲಿ ಇರಲಿಲ್ಲ. ಯಾರೋ ತರುವಾಯ ಸೇರಿಸಿದವು. ಕಂಡ ಮಾತ್ರಕ್ಕೆ ಕಲಿತಂತಾಗುವುದಿಲ್ಲ ಎಂಬ ಎಚ್ಚರವನ್ನು ಈ ಪ್ರಸಂಗದಿಂದಲೇ ನಾವು ಪಡೆಯಬಹುದು.

ಇನ್ನು ನಮ್ಮ ಹೈದರಾಬಾದಿನ ಸಂಗತಿಗೆ ಬರೋಣ. ಕನ್ನಡ ಮಕ್ಕಳಿಗೆ ತೆರೆಯ ಮೂಲಕ ಪಾಠ ಹೇಳುವ ಮೊದಲ ದೊಡ್ಡ ಪ್ರಯತ್ನದಲ್ಲಿ ಈ ನಗರಕ್ಕೂ ಪಾಲಿತ್ತೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿದಿರಲಾರದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ನಡೆಯಿತು. ಅದನ್ನು ‘ಸೈಟ್’ ಎಂಬ ಹ್ರಸ್ವನಾಮದಿಂದ ಕರೆಯುತ್ತಾರೆ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ನೇರವಾಗಿ ಕಳುಹಿಸಲಾಯಿತು. ಹಳ್ಳಿಯ ಶಾಲೆಯ ಬಳಿ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ವ್ಯಾಸದ ಬೋಗುಣಿಯಂತಹ ಆಂಟೆನಾ ನಿಂತಿತು. ಒಳಗೆ ದೂರದರ್ಶನದ ಪೆಟ್ಟಿಗೆ ಬೆಳಗಿತು. ಕರ್ನಾಟಕದಲ್ಲಿ ಈ ಸೌಲಭ್ಯ ದೊರೆತದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಇವುಗಳಲ್ಲಿ ಮೊದಲಿನ ಎರಡು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಜಿಲ್ಲೆಗಳು.

ಆ ಕಾರ್ಯಕ್ರಮಗಳನ್ನು ಸಿದ್ಧಪಡಿಸಲು ಆಕಾಶವಾಣಿಯು ದೆಹಲಿ, ಕಟಕ್ ಮತ್ತು ಹೈದರಾಬಾದುಗಳಲ್ಲಿ ಮೂರು ನಿರ್ಮಾಣ ಕೇಂದ್ರಗಳನ್ನು ತೆರೆದಿತ್ತು. ತೆಲುಗು ಮತ್ತು ಕನ್ನಡ ಎರಡೂ ಭಾಷೆಗಳ ಕೆಲಸ ಹೈದರಾಬಾದಿನ ಪಾಲಿಗೆ ಬಂದಿತು. ಬೆಳಗಿನ ಹೊತ್ತು 5ರಿಂದ 12 ವರ್ಷದ ಮಕ್ಕಳಿಗೆ, ಭಾಷೆಯೊಂದಕ್ಕೆ ಸುಮಾರು 22 ನಿಮಿಷಗಳಂತೆ, ಪಾಠಗಳು ಪ್ರಸಾರವಾಗುತ್ತಿದ್ದವು. ಸಂಜೆ ಊರಿನ ಹಿರಿಯರಿಗೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು ಬರುತ್ತಿದ್ದವು. ಆ ಉಪಗ್ರಹದ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಅದು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಒಯ್ಯಬಲ್ಲದಾಗಿತ್ತು. ಆದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಜೋಡಿಸಿ ಕಳುಹಿಸುವುದು ಸಾಧ್ಯವಾಯಿತು. ಚಿತ್ರವು ಎಲ್ಲರಿಗೂ ಸಮಾನ. ಧ್ವನಿಯು ಅವರವರ ಮನೆಯದು. ಇಡೀ ಪ್ರಶ್ನೆಯ ತಿರುಳು ಈ ಯಂತ್ರರಚನೆಯಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಇನ್ನೊಂದು ಅಂಶವೂ ಉಂಟು. ಪೆಟ್ಟಿಗೆಯನ್ನು ಹಳ್ಳಿಗೆ ಕಳುಹಿಸಿ ಅದರ ಯೋಜಕರು ಸುಮ್ಮನಾಗಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುವ ಕ್ರಮವನ್ನು ಕುರಿತು ಸುಮಾರು 50,000 ಉಪಾಧ್ಯಾಯರಿಗೆ ಎರಡು ತಂಡಗಳಲ್ಲಿ ಶಿಕ್ಷಣ ನೀಡಲಾಯಿತು. ಆ ಶಿಕ್ಷಣದಲ್ಲಿ ದೂರದರ್ಶನದ ಪಾಠವಿತ್ತು, ರೇಡಿಯೋ ಇತ್ತು, ಮುದ್ರಿತ ಪುಸ್ತಿಕೆಯಿತ್ತು, ಕೈಯಾರೆ ಮಾಡುವ ಪ್ರಯೋಗಗಳೂ ಇದ್ದವು. ಯಂತ್ರಕ್ಕಿಂತ ಮೊದಲು ಉಪಾಧ್ಯಾಯನನ್ನು ಸಿದ್ಧಗೊಳಿಸಬೇಕೆಂಬ ತಿಳಿವಳಿಕೆ 50 ವರ್ಷಗಳ ಹಿಂದೆಯೇ ಅವರಿಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದು ಅದೇ ಹೈದರಾಬಾದಿನ ಪಶ್ಚಿಮ ಭಾಗದಲ್ಲಿರುವ ಮಣಿಕೊಂಡಕ್ಕೆ ಹೋಗಿ ನೋಡಿದರೆ ಕಾಲವು ಎಷ್ಟು ಮುಂದೆ ಸಾಗಿದೆಯೆಂಬುದು ಕಾಣುತ್ತದೆ. ಹೆಸರಿನಲ್ಲಿಯೇ ಬೆಟ್ಟವನ್ನು ಹೊತ್ತಿರುವ ಈ ಊರು ಗೋಲ್ಕೊಂಡಕ್ಕೆ ಅನತಿದೂರದಲ್ಲಿದೆ. ಇಲ್ಲಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಬಂಡೆಗಳ ನಡುವೆ ಎದ್ದು ನಿಂತಿರುವ ಬಹುಮಹಡಿ ಕಟ್ಟಡಗಳಿಗೆ ಮಾತ್ರ 20–30 ವರ್ಷಗಳೂ ತುಂಬಿಲ್ಲ. ಗಚ್ಚಿಬೌಲಿ, ನಾನಕ್‌ರಾಮ್‌ಗುಡಗಳ ಕಚೇರಿಗಳಲ್ಲಿ ಗಣಕಯಂತ್ರದ ಕೆಲಸ ಮಾಡುವ ಅಸಂಖ್ಯ ಕುಟುಂಬಗಳು ಇಲ್ಲಿ ನೆಲೆಸಿವೆ. ಅವುಗಳಲ್ಲಿ ಕನ್ನಡದ ಮನೆಗಳೂ ಇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು, ತೆರೆಯ ಮೇಲೆ ಇಂಗ್ಲಿಷ್ – ಹೀಗೆ ಮಗು ದಿನವೊಂದರಲ್ಲಿ ನಾಲ್ಕು ಭಾಷೆಗಳ ನಡುವೆ ಓಡಾಡುತ್ತದೆ. ಇದು ದುರದೃಷ್ಟವಲ್ಲ, ಸಂಪತ್ತು. ಆದರೆ ಜ್ಞಾನವೆಲ್ಲ ತೆರೆಯ ಭಾಷೆಯಲ್ಲಿಯೇ ಇದೆ, ಮನೆಯ ಭಾಷೆಯಲ್ಲಿ ಊಟ ಮತ್ತು ಜಗಳ ಮಾತ್ರ ಇವೆ ಎಂಬ ಭಾವನೆ ಆ ಮಗುವಿನಲ್ಲಿ ಬೇರೂರಿತೆಂದರೆ ಕನ್ನಡ ಶಾಲೆಯ ಬಾಗಿಲು ತಾನಾಗಿಯೇ ಮುಚ್ಚುತ್ತದೆ.

ತೆಲಂಗಾಣದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಒಂದು ವಿಶೇಷವಾದ ತೊಡಕಿದೆ. ಕರ್ನಾಟಕದ ಗಡಿಗೆ ತಾಗಿರುವ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮೊದಲಾದ ಕಡೆಗಳಲ್ಲಿಯೂ ಹೈದರಾಬಾದ್ ನಗರದಲ್ಲಿಯೂ ಕನ್ನಡದಲ್ಲಿ ಪಾಠ ನಡೆಯುವ ಶಾಲೆಗಳಿವೆ. ಅವುಗಳಿಗೆ ಬೇಕಾದ ಪಠ್ಯಪುಸ್ತಕಗಳನ್ನು ತೆಲಂಗಾಣ ಸರ್ಕಾರವು ಕನ್ನಡದಲ್ಲಿ ಅಚ್ಚು ಮಾಡಿಸುತ್ತದೆ. ಆದರೆ ಅಂತರಜಾಲದಲ್ಲಿ ಕನ್ನಡದ ಪಾಠವೊಂದನ್ನು ಹುಡುಕಿದರೆ ದೊರೆಯುವುದು ಬಹುಮಟ್ಟಿಗೆ ಕರ್ನಾಟಕದ ಪಠ್ಯಕ್ರಮಕ್ಕೆ ಹೊಂದಿದ ಪಾಠ. ತೆಲಂಗಾಣದ ಪಠ್ಯಕ್ರಮಕ್ಕೆ ಹೊಂದಿದ ಪಾಠವನ್ನು ಹುಡುಕಿದರೆ ದೊರೆಯುವುದು ಬಹುಮಟ್ಟಿಗೆ ತೆಲುಗಿನ ಅಥವಾ ಇಂಗ್ಲಿಷಿನ ಪಾಠ. ಒಂದರಲ್ಲಿ ಭಾಷೆ ನಮ್ಮದು, ಅಧ್ಯಾಯ ನಮ್ಮದಲ್ಲ; ಮತ್ತೊಂದರಲ್ಲಿ ಅಧ್ಯಾಯ ನಮ್ಮದು, ಭಾಷೆ ನಮ್ಮದಲ್ಲ. ಈ ಕಂದಕಕ್ಕೆ ಸೇತುವೆ ಕಟ್ಟಬಲ್ಲವನು ಉಪಾಧ್ಯಾಯನೊಬ್ಬನೇ.

2020ರ ಮಹಾಮಾರಿಯ ಕಾಲವು ಈ ವಿಷಯದಲ್ಲಿ ದೇಶಕ್ಕೆಲ್ಲ ಪಾಠ ಕಲಿಸಿತು. ಶಾಲೆಗಳು ಮುಚ್ಚಿದಾಗ ಕರ್ನಾಟಕದಲ್ಲಿ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯ ಮೂಲಕ ಪ್ರೌಢಶಾಲೆಯ ಪಾಠಗಳು ಮೊದಲಾದವು. ತೆಲಂಗಾಣದಲ್ಲಿ ಸೆಪ್ಟೆಂಬರ್ 1ರಿಂದ ದೂರದರ್ಶನದ ಯಾದಗಿರಿ ವಾಹಿನಿ ಮತ್ತು ಟಿ-ಸ್ಯಾಟ್‌ಗಳ ಮೂಲಕ ಪಾಠಗಳು ಪ್ರಸಾರಗೊಂಡವು. ಅದೇ ಆಗಸ್ಟಿನಲ್ಲಿ ಕರ್ನಾಟಕವು ‘ವಿದ್ಯಾಗಮ’ ಎಂಬ ಯೋಜನೆಯನ್ನು ಆರಂಭಿಸಿ, ಉಪಾಧ್ಯಾಯರೇ ಮಕ್ಕಳ ಬೀದಿಗಳಿಗೆ ಹೋಗಿ ಮರದಡಿಯಲ್ಲಿಯೂ ಗುಡಿಯ ಜಗಲಿಯಲ್ಲಿಯೂ ಪಾಠ ಹೇಳುವಂತೆ ಮಾಡಿತು. ಸೋಂಕಿನ ಭೀತಿಯಿಂದ ಅದನ್ನು ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು. ಅಸರ್ ಎಂಬ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಯವರ ಪ್ರಮಾಣ 2018ರಲ್ಲಿ ಶೇಕಡಾ 36.5 ಇದ್ದದ್ದು 2020ರಲ್ಲಿ ಶೇಕಡಾ 61.8ಕ್ಕೆ ಏರಿತು. ಆದರೆ 2021ರ ಸಮೀಕ್ಷೆಯು ಮತ್ತೊಂದು ಸತ್ಯವನ್ನು ಹೊರಗೆಡವಿತು: ಮನೆಯಲ್ಲಿ ಫೋನ್ ಇದ್ದರೂ ಅಂಥ ಮಕ್ಕಳಲ್ಲಿ ಶೇಕಡಾ 26ರಷ್ಟು ಮಂದಿಗೆ ಅದು ಓದಲು ಕೈಗೆ ಸಿಗುತ್ತಿರಲಿಲ್ಲ. ತಂದೆ ಕೆಲಸಕ್ಕೆ ಹೋಗುವಾಗ ಫೋನೂ ಅವನೊಡನೆ ಹೋಗುತ್ತದೆ. ಅಣ್ಣನ ಪಾಠದ ವೇಳೆಯಲ್ಲಿಯೇ ತಂಗಿಯ ಪಾಠವೂ ಇರುತ್ತದೆ. ಮನೆಯ ಫೋನನ್ನು ನಂಬಿ ಪಾಠ ಕಟ್ಟಿದರೆ ಇಲ್ಲದವರು ಹಿಂದೆ ಉಳಿಯುತ್ತಾರೆ. ತರಗತಿಯಲ್ಲಿ ಎಲ್ಲರೂ ಕೂಡಿ ನೋಡುವ ಒಂದೇ ತೆರೆಯಾದರೆ ಆ ಭೇದವಿರುವುದಿಲ್ಲ. ಆದುದರಿಂದ ತೆರೆಗೆ ಯೋಗ್ಯವಾದ ಸ್ಥಾನ ಮೊದಲು ತರಗತಿ, ಅನಂತರ ಮನೆ.

ತರಗತಿಯಲ್ಲಿ ಬಳಸಬಹುದಾದ ಸಾಧನಗಳು ಈಗ ಧಾರಾಳವಾಗಿವೆ. ಬಹಳಷ್ಟಕ್ಕೆ ಬೆಲೆಯೂ ಇಲ್ಲ. 2017ರ ಸೆಪ್ಟೆಂಬರ್ 5ರಂದು, ಅಂದರೆ ಉಪಾಧ್ಯಾಯರ ದಿನಾಚರಣೆಯಂದು, ಕೇಂದ್ರ ಸರ್ಕಾರವು ‘ದೀಕ್ಷಾ’ ಎಂಬ ವೇದಿಕೆಯನ್ನು ಆರಂಭಿಸಿತು. ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕಪ್ಪು ಚೌಕಗಳ ಸಂಕೇತವನ್ನು ಫೋನಿನಿಂದ ನೋಡಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರ ಅಥವಾ ಅಭ್ಯಾಸವು ತೆರೆದುಕೊಳ್ಳುತ್ತದೆ. ಗಣಿತಕ್ಕೆ ಜಿಯೋಜೀಬ್ರಾ ಎಂಬ ಸಾಧನವಿದೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಇದರ ರಚನೆಗೆ ತೊಡಗಿದರು. ವಿಜ್ಞಾನಕ್ಕೆ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಎಂಬ ಅನುಕರಣ ಪ್ರಯೋಗಗಳಿವೆ. ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಈ ಕಾರ್ಯದ ಕೆಲವು ಭಾಗಗಳು ಕನ್ನಡಕ್ಕೂ ಬಂದಿವೆ. ಭೂಗೋಳಕ್ಕೆ ನಮ್ಮ ಬಾಹ್ಯಾಕಾಶ ಸಂಸ್ಥೆಯ ‘ಭುವನ್’ ಭೂಪಟವಿದೆ. 2009ರಲ್ಲಿ ಆರಂಭವಾದ ಈ ಭೂಪಟದ ಕೆಲಸ ನಡೆಯುವುದು ಹೈದರಾಬಾದಿನ ಬಾಲಾನಗರದಲ್ಲಿರುವ ರಾಷ್ಟ್ರೀಯ ದೂರಸಂವೇದಿ ಕೇಂದ್ರದಲ್ಲಿಯೇ. ಕನ್ನಡ ವಿಕಿಪೀಡಿಯಾ 2003ರಲ್ಲಿ ಹುಟ್ಟಿ ಈಗ 30,000ಕ್ಕೂ ಹೆಚ್ಚು ಲೇಖನಗಳನ್ನು ಹೊಂದಿದೆ. ಅಂಗಡಿಯಲ್ಲಿ ಸಾಮಾನು ತುಂಬಿದೆ. ಅಡಿಗೆ ಮಾಡುವವರು ಬೇಕು, ಅಷ್ಟೆ.

ಅಡಿಗೆಯ ಬಗೆಯನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಯುಕ್ತವೆಂದು ಭಾವಿಸುತ್ತೇನೆ. ಎಂಟನೆಯ ಅಥವಾ ಒಂಬತ್ತನೆಯ ತರಗತಿಗೆ ನದಿಗಳ ಪಾಠವಿದೆಯೆಂದು ತಿಳಿಯೋಣ. ಉಪಾಧ್ಯಾಯರು ಮೊದಲು ತೆರೆಯನ್ನು ಮುಟ್ಟಬಾರದು. ಕಪ್ಪುಹಲಗೆಯ ಮೇಲೆ ಒಂದೇ ಪ್ರಶ್ನೆಯನ್ನು ಬರೆಯಬೇಕು: ‘ನದಿಯೊಂದು ಊರನ್ನು ಮುಳುಗಿಸಿದರೆ ಅದನ್ನು ಎಲ್ಲಿ ತಡೆಯಬೇಕು?’ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಪ್ರವಾಹದಲ್ಲಿ ಹೈದರಾಬಾದಿನ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜಿನ ಹುಣಸೆಯ ಮರವೊಂದನ್ನೇರಿ ಸುಮಾರು 150 ಜನರು ಬದುಕಿದರೆಂದು ಹೇಳುತ್ತಾರೆ. ಈ ಸಂಗತಿಯನ್ನು ಮಾತಿನಲ್ಲಿಯೇ ಹೇಳಬೇಕು. ಮಕ್ಕಳು ತಮಗೆ ತೋಚಿದ ಉತ್ತರವನ್ನು ರೇಖಾಚಿತ್ರವಾಗಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ದಡಕ್ಕೆ ಗೋಡೆ ಕಟ್ಟಬೇಕೆಂದು ಕೆಲವರು, ಊರನ್ನೇ ಬೇರೆಡೆಗೆ ಒಯ್ಯಬೇಕೆಂದು ಕೆಲವರು ಹೇಳಬಹುದು. ತಪ್ಪು ಸರಿಯೆಂಬ ತೀರ್ಪನ್ನು ಕೂಡಲೆ ಕೊಡಬೇಕಾಗಿಲ್ಲ.

ಆಮೇಲೆ ತೆರೆಯು ಬೆಳಗಲಿ. ಭುವನ್ ಭೂಪಟದಲ್ಲಿ ಮಣಿಕೊಂಡವನ್ನು ಗುರುತಿಸಿ, ಅಲ್ಲಿಂದ ಪಶ್ಚಿಮಕ್ಕೆ ಕೆಲವು ಮೈಲಿ ಸರಿದರೆ ಗಂಡಿಪೇಟೆಯ ದೊಡ್ಡ ನೀಲಿ ಹರವು ಕಾಣುತ್ತದೆ. ಅದೇ ಉಸ್ಮಾನ್ ಸಾಗರ. ಅದರ ಹಿಂದಕ್ಕೆ ನದಿಯ ಗೆರೆಯನ್ನು ಹಿಡಿದು ಹೋದರೆ ವಿಕಾರಾಬಾದಿನ ಅನಂತಗಿರಿ ಬೆಟ್ಟಗಳು ಸಿಗುತ್ತವೆ; ಮೂಸಿಯ ಉಗಮ ಅಲ್ಲಿ. ದಕ್ಷಿಣಕ್ಕೆ ನೋಡಿದರೆ ಈಸಿ ಎಂಬ ಉಪನದಿಯ ಮೇಲೆ ಹಿಮಾಯತ್ ಸಾಗರವಿದೆ. ಎರಡು ಹೊಳೆಗಳು ಲಂಗರ್ ಹೌಜಿನ ಬಾಪು ಘಾಟಿನ ಬಳಿ ಕೂಡುವ ಸ್ಥಳವನ್ನು ಮಕ್ಕಳೇ ಹುಡುಕಲಿ. ತೆರೆಯ ಮೇಲಿನ ಅಳತೆಯ ಸಾಧನದಿಂದ ದೂರವನ್ನು ಅಳೆಯುವಾಗ, ಮತ್ತೊಂದು ಗುಂಪು ಅಚ್ಚಾದ ಭೂಪಟದ ಮೇಲೆ ದಾರವಿಟ್ಟು ಮಾನದಂಡದ ಸಹಾಯದಿಂದ ಅದೇ ದೂರವನ್ನು ಅಳೆಯಲಿ. ಎರಡು ಉತ್ತರಗಳಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಏಕೆ ಬಂದಿತೆಂಬ ವಿಚಾರವೇ ಆ ದಿನದ ಪಾಠ.

ಪ್ರವಾಹವಾದ ಮರುವರ್ಷ, ಅಂದರೆ 1909ರಲ್ಲಿ, ನಿಜಾಮ್ ಸರ್ಕಾರವು ಸಲಹೆಗಾಗಿ ಕರೆಯಿಸಿದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೀರನ್ನು ಹಿಡಿದಿಡಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡವು. ಈಗ ಮಕ್ಕಳು ತಾವು ಮೊದಲು ಬರೆದ ಚಿತ್ರವನ್ನು ತೆಗೆದು ಹೋಲಿಸಿ ನೋಡಲಿ. ಕೊನೆಯದಾಗಿ ಗೂಗಲ್ ಅರ್ಥ್‌ನಲ್ಲಿ ಇದೇ ಪ್ರದೇಶದ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಾಗಿ ತೋರಿಸಬಹುದು. ಮಣಿಕೊಂಡದ ಸುತ್ತಣ ಬಂಡೆಯೂ ಬಯಲೂ ಕಟ್ಟಡಗಳಾಗಿ ಮಾರ್ಪಟ್ಟ ಬಗೆ ಕಣ್ಣಿಗೆ ಕಟ್ಟುತ್ತದೆ. ಎರಡು ಜಲಾಶಯಗಳಿದ್ದರೂ 2020ರ ಅಕ್ಟೋಬರಿನ ಭಾರಿ ಮಳೆಗೆ ಹೈದರಾಬಾದಿನ ಅನೇಕ ಬಡಾವಣೆಗಳು ಏಕೆ ಮುಳುಗಿದವು? ಬಿದ್ದ ಮಳೆಯ ನೀರು ಇಂಗಲು ನೆಲವೆಲ್ಲಿ, ನಿಲ್ಲಲು ಕೆರೆಯೆಲ್ಲಿ, ಹರಿಯಲು ಕಾಲುವೆಯೆಲ್ಲಿ? ಇಂಥ ಪ್ರಶ್ನೆ ಮಗುವಿನ ಬಾಯಿಂದ ಬಂದರೆ ಪಾಠವು ಸಫಲವಾಯಿತೆಂದು ತಿಳಿಯಬೇಕು. ಅನಂತರ ಒಂದು ಶನಿವಾರ ಮಣಿಕೊಂಡದ ಸಮೀಪದ ನೆಕ್ನಾಂಪುರದ ಕೆರೆಯ ದಂಡೆಗೆ ತರಗತಿಯನ್ನು ಕರೆದುಕೊಂಡು ಹೋಗಿ, ಭೂಪಟದಲ್ಲಿ ಕಂಡದ್ದನ್ನು ನೆಲದ ಮೇಲೆ ತೋರಿಸಬೇಕು. ಹೀಗೆ ಕೋಶದಿಂದ ತೆರೆಗೆ, ತೆರೆಯಿಂದ ದೇಶಕ್ಕೆ ದಾರಿ ಸಾಗುತ್ತದೆ.

ಈ ನಿದರ್ಶನದಿಂದ ಕೆಲವು ಸೂತ್ರಗಳು ದೊರೆಯುತ್ತವೆ. ಮೊದಲನೆಯದು, ತೆರೆಗಿಂತ ಮುಂಚೆ ಪ್ರಶ್ನೆಯಿರಬೇಕು. ಪ್ರಶ್ನೆಯಿಲ್ಲದೆ ನೋಡಿದ ಚಿತ್ರವು ಜಾತ್ರೆಯ ನೋಟದಂತೆ ಕಣ್ಣಿಗೆ ಹಬ್ಬ, ಬುದ್ಧಿಗೆ ಉಪವಾಸ. ಎರಡನೆಯದು, ಚಿತ್ರವು ಚಿಕ್ಕದಾಗಿರಬೇಕು. 45 ನಿಮಿಷದ ಅವಧಿಯಲ್ಲಿ ಐದಾರು ನಿಮಿಷ ಮೀರದಂತೆ ತೋರಿಸಿ, ಅದನ್ನೂ ನಡುವೆ ಒಂದೆರಡು ಸಲ ನಿಲ್ಲಿಸಿ, ‘ಮುಂದೇನಾಗಬಹುದು?’ ಎಂದು ಕೇಳುವುದು ಉಚಿತ. ಮೂರನೆಯದು, ನೋಡಿದ ಬಳಿಕ ಕೈಗೆ ಕೆಲಸವಿರಬೇಕು. ಬರೆಯುವುದೋ ಅಳೆಯುವುದೋ ಮಾಡಿ ನೋಡುವುದೋ ಏನಾದರೂ ಆಗಬಹುದು.

ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಈ ಮೂರನೆಯ ಸೂತ್ರವು ವಿಶೇಷವಾಗಿ ಅನ್ವಯಿಸುತ್ತದೆ. ಜಿಯೋಜೀಬ್ರಾದಲ್ಲಿ ತ್ರಿಭುಜದ ಶೃಂಗವೊಂದನ್ನು ಎಳೆದಾಡಿದರೆ ಮೂರು ಕೋನಗಳೂ ಬದಲಾಗುತ್ತವೆ. ಮೊತ್ತ ಮಾತ್ರ 180 ಅಂಶವಾಗಿಯೇ ನಿಲ್ಲುತ್ತದೆ. ಇದು ಮಕ್ಕಳಿಗೆ ವಿಸ್ಮಯವನ್ನುಂಟುಮಾಡುತ್ತದೆ. ಆದರೆ ನೂರು ತ್ರಿಭುಜಗಳಲ್ಲಿ ಕಂಡದ್ದು ಸಾಧನೆಯಲ್ಲ. ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆಯನ್ನೆಳೆದು ಕಪ್ಪುಹಲಗೆಯ ಮೇಲೆ ತೋರಿಸಿದ ತರ್ಕವೇ ಸಾಧನೆ. ತೆರೆಯು ಕುತೂಹಲವನ್ನು ಹುಟ್ಟಿಸಬಲ್ಲದು. ಏಕೆಂಬುದನ್ನು ಒಪ್ಪಿಸುವುದು ತರ್ಕದ ಕೆಲಸ. ಹಾಗೆಯೇ ಫೆಟ್‌ನ ವಿದ್ಯುನ್ಮಂಡಲದಲ್ಲಿ ತಂತಿಯನ್ನು ಜೋಡಿಸಿದ ಕೂಡಲೆ ಬಲ್ಬು ಬೆಳಗುತ್ತದೆ. ಅಲ್ಲಿನ ಕೋಶವು ಸೋಲುವುದಿಲ್ಲ. ಮೇಜಿನ ಮೇಲಿನ ನಿಜವಾದ ತಂತಿಗಾದರೋ ತುದಿಯನ್ನು ಕೆರೆದು ಶುಚಿ ಮಾಡಬೇಕು, ಕೋಶವು ದಿನಕಳೆದಂತೆ ಬಲಗುಂದುತ್ತದೆ. ಪ್ರಕೃತಿಯ ಈ ಮೊಂಡುತನವನ್ನು ಅರಿಯದವನು ವಿಜ್ಞಾನವನ್ನು ಅರಿತವನಲ್ಲ. ಆದುದರಿಂದ ಅನುಕರಣ ಪ್ರಯೋಗವು ನಿಜಪ್ರಯೋಗದ ಮುನ್ನುಡಿಯಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

ಇನ್ನು ಭಾಷೆಯ ವಿಚಾರ. ಇಂಗ್ಲಿಷಿನ ಪಾಠವೊಂದನ್ನು ಕ್ಷಣಮಾತ್ರದಲ್ಲಿ ಕನ್ನಡಕ್ಕೆ ತಿರುಗಿಸಿಕೊಡುವ ಯಂತ್ರಗಳು ಈಗ ಬಂದಿವೆ. ಕೇಂದ್ರ ಸರ್ಕಾರವು 2022ರಲ್ಲಿ ‘ಭಾಷಿಣಿ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಮಣಿಕೊಂಡಕ್ಕೆ ಸಮೀಪದ ಗಚ್ಚಿಬೌಲಿಯಲ್ಲಿ 1998ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಭಾರತೀಯ ಭಾಷೆಗಳ ಯಂತ್ರಾನುವಾದವನ್ನು ಕುರಿತು ಬಹುಕಾಲದಿಂದ ಸಂಶೋಧನೆ ನಡೆಯುತ್ತಿದೆ. ಇವು ನಮ್ಮಂಥ ಸಣ್ಣ ಶಾಲೆಗಳಿಗೆ ವರವೇ ಸರಿ. ಆದರೂ ವರವನ್ನು ಎಚ್ಚರದಿಂದ ಬಳಸಬೇಕು. ‘ಸೆಲ್’ ಎಂಬ ಒಂದು ಶಬ್ದವು ಜೀವಶಾಸ್ತ್ರದಲ್ಲಿ ಜೀವಕೋಶ, ಭೌತಶಾಸ್ತ್ರದಲ್ಲಿ ವಿದ್ಯುತ್ಕೋಶ, ಕಾರಾಗೃಹದಲ್ಲಿ ಸೆರೆಕೋಣೆ. ‘ರೂಟ್’ ಎಂಬುದು ಗಿಡಕ್ಕೆ ಬೇರು, ಸಂಖ್ಯೆಗೆ ಮೂಲ. ‘ಪವರ್’ ಎಂಬುದು ಗಣಿತದಲ್ಲಿ ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ರಾಜ್ಯಶಾಸ್ತ್ರದಲ್ಲಿ ಅಧಿಕಾರ. ಯಂತ್ರವು ಇವುಗಳನ್ನು ಒಮ್ಮೆ ಸರಿಯಾಗಿ ಆರಿಸಬಹುದು, ಒಮ್ಮೆ ತಪ್ಪಬಹುದು. ತಪ್ಪಿದುದನ್ನು ಗುರುತಿಸಬಲ್ಲವನು ವಿಷಯವನ್ನೂ ಭಾಷೆಯನ್ನೂ ಬಲ್ಲ ಉಪಾಧ್ಯಾಯ. ಪಠ್ಯಪುಸ್ತಕದಲ್ಲಿ ಬಂದಿರುವ ಪಾರಿಭಾಷಿಕ ಪದವೇ ತೆರೆಯ ಮೇಲೂ ಬರುವಂತೆ ನೋಡಿಕೊಳ್ಳುವುದು ಅವನ ಹೊಣೆ. ಇಲ್ಲವಾದರೆ ಮಗುವು ಒಂದೇ ವಸ್ತುವಿಗೆ ಮೂರು ಹೆಸರುಗಳನ್ನು ಕೇಳಿ ಕಂಗೆಡುತ್ತದೆ.

ತೆಲುಗು ಪಾಠಗಳನ್ನು ಬಳಸುವಾಗಲೂ ಇದೇ ಎಚ್ಚರ ಅಗತ್ಯ. ಎರಡೂ ಸೋದರ ಭಾಷೆಗಳು, ಲಿಪಿಗಳೂ ಒಂದನ್ನೊಂದು ಹೋಲುತ್ತವೆ. ಆದುದರಿಂದಲೇ ಎಡವುವುದು ಸುಲಭ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಕನ್ನಡದಲ್ಲಿ ‘ಅವಸರ’ವೆಂದರೆ ಆತುರ. ‘ಗಿಡಕ್ಕೆ ಬೆಳಕಿನ ಅವಸರವಿದೆ’ ಎಂದು ನಮ್ಮ ಹುಡುಗನು ಬರೆದರೆ ಗಿಡವು ಎಲ್ಲಿಗೋ ಹೊರಟು ನಿಂತಂತಾಗುತ್ತದೆ. ಇದನ್ನು ನಕ್ಕು ಬಿಡುವ ಬದಲು ಪಾಠವಾಗಿ ಮಾಡಿಕೊಳ್ಳಬಹುದು. ಒಂದೇ ಚಿತ್ರವನ್ನು ಮೊದಲು ತೆಲುಗು ಧ್ವನಿಯೊಡನೆ, ಬಳಿಕ ಧ್ವನಿಯನ್ನು ಮುಚ್ಚಿ ತೋರಿಸಿ, ವಿದ್ಯಾರ್ಥಿಗಳೇ ಅದಕ್ಕೆ ಕನ್ನಡದ ವಿವರಣೆಯನ್ನು ಬರೆದು ಓದುವಂತೆ ಮಾಡಿದರೆ ವಿಜ್ಞಾನವೂ ಎರಡು ಭಾಷೆಗಳೂ ಏಕಕಾಲದಲ್ಲಿ ಬಲಗೊಳ್ಳುತ್ತವೆ. 1975ರಲ್ಲಿ ಉಪಗ್ರಹವು ಮಾಡಿದ ಕೆಲಸವನ್ನು ಇಂದು ಒಂದು ತರಗತಿಯು ಒಂದು ಸಾಧಾರಣ ಫೋನಿನಿಂದ ಮಾಡಬಹುದಾಗಿದೆ.

ಕೆಲವು ಅನಿಷ್ಟಗಳ ಬಗೆಗೂ ಎಚ್ಚರಿಕೆ ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ತೆರೆಯ ಮೇಲೆ ಬಂದುದೆಲ್ಲ ಸತ್ಯವಲ್ಲ. ಯಾರು ಬರೆದರು, ಯಾವಾಗ ಬರೆದರು, ಬೇರೆಡೆಯಲ್ಲಿಯೂ ಹಾಗೆಯೇ ಇದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಚಿಕ್ಕಂದಿನಿಂದಲೇ ಮಾಡಿಸಬೇಕು. ಪಾಠದ ನಡುವೆ ಜಾಹೀರಾತುಗಳು ನುಗ್ಗದಂತೆ, ಅಂತರಜಾಲದ ಸಂಪರ್ಕ ಕಡಿದುಹೋದರೂ ಪಾಠ ನಿಲ್ಲದಂತೆ, ಬೇಕಾದುದನ್ನು ಹಿಂದಿನ ದಿನವೇ ಇಳಿಸಿ ಇಟ್ಟುಕೊಳ್ಳುವುದು ಲೇಸು. ಒಬ್ಬರು ರಚಿಸಿದುದನ್ನು ಅವರ ಅನುಮತಿಯಿಲ್ಲದೆ ನಕಲು ಮಾಡಿ ಹಂಚಬಾರದು. ಮುಕ್ತ ಪರವಾನಗಿಯಿಂದ ಬಿಡುಗಡೆಯಾದ ಸಾಮಗ್ರಿಯನ್ನೇ ಆಯ್ದುಕೊಂಡು, ರಚಿಸಿದವರ ಹೆಸರನ್ನು ಹೇಳಿ ಬಳಸಬೇಕು. ಮಕ್ಕಳ ಹೆಸರು, ಮುಖ, ವಿಳಾಸಗಳನ್ನು ಅಂತರಜಾಲಕ್ಕೆ ಏರಿಸುವ ಮುನ್ನ ಪೋಷಕರ ಒಪ್ಪಿಗೆ ಪಡೆಯುವುದು ಶಾಲೆಯ ಕರ್ತವ್ಯ. ಮನೆಯಲ್ಲಿ ರಾತ್ರಿ ಮಲಗುವ ವೇಳೆಗೆ ಫೋನನ್ನು ಬದಿಗಿಡಿಸುವುದು ಪೋಷಕರ ಕರ್ತವ್ಯ. ನಿದ್ದೆಗೆಟ್ಟ ಕಣ್ಣಿಗೆ ಯಾವ ತೆರೆಯೂ ಜ್ಞಾನವನ್ನು ತೋರಿಸಲಾರದು.

ಕನ್ನಡದಲ್ಲಿ ಸಾಮಗ್ರಿಯಿಲ್ಲವೆಂದು ನಾವು ಮರುಗುವುದುಂಟು. ಆದರೆ ಕನ್ನಡದ ಸಾಮಗ್ರಿ ಆಕಾಶದಿಂದ ಉದುರುವುದಿಲ್ಲ. ತೆಲಂಗಾಣದ ಕನ್ನಡ ಪಠ್ಯಕ್ರಮಕ್ಕೆ ಹೊಂದಿದ ಪಾಠಗಳನ್ನು ಬೆಂಗಳೂರು ಮಾಡಿಕೊಡುವುದಿಲ್ಲ, ದೆಹಲಿಯೂ ಮಾಡಿಕೊಡುವುದಿಲ್ಲ. ಈ ಪುಸ್ತಕಗಳನ್ನು ಪ್ರತಿದಿನ ಕೈಯಲ್ಲಿ ಹಿಡಿಯುವ ನಾವೇ ಮಾಡಬೇಕು. ಪ್ರತಿಯೊಂದು ತರಗತಿಯು ವರ್ಷಕ್ಕೆ ಒಂದೇ ಒಂದು ಪಾಠವನ್ನು ಆಯ್ದುಕೊಂಡು, ಐದು ನಿಮಿಷದ ಚಿತ್ರ ಮತ್ತು ಕನ್ನಡ ಧ್ವನಿಯನ್ನು ಸಿದ್ಧಪಡಿಸಲಿ. ವಿಷಯವನ್ನು ಉಪಾಧ್ಯಾಯರು ತಿದ್ದಲಿ. ಭಾಷೆಯನ್ನು ಕನ್ನಡ ಪಂಡಿತರು ನೋಡಲಿ. ಗಣಕಯಂತ್ರದ ಕೆಲಸವನ್ನು ಬಲ್ಲ ಮಣಿಕೊಂಡದ ಹಳೆಯ ವಿದ್ಯಾರ್ಥಿಗಳೂ ಪೋಷಕರೂ ತಮ್ಮ ಭಾನುವಾರದ ಒಂದು ಗಂಟೆಯನ್ನು ಇದಕ್ಕೆ ಕೊಡಲಿ. ಐದರಿಂದ ಹತ್ತನೆಯ ತರಗತಿಯವರೆಗೆ ಆರು ತರಗತಿಗಳು ಹತ್ತು ವರ್ಷ ಈ ಕೆಲಸವನ್ನು ನಡೆಸಿದರೆ 60 ಪಾಠಗಳಾಗುತ್ತವೆ. ಅವು ಕೃಷ್ಣಾ ತೀರದ ಗಡಿಯ ಶಾಲೆಯ ಮಗುವಿಗೂ ಉಪಯೋಗವಾಗುತ್ತವೆ. ಅಲ್ಲಿ ಉಪಾಧ್ಯಾಯರ ಕೊರತೆಯಿರುವ ದಿನ ನಮ್ಮ ತರಗತಿಯೊಂದರ ಧ್ವನಿಯು ಆ ಮಗುವಿಗೆ ಪಾಠ ಹೇಳೀತು.

ಸಾಧನವು ಎಷ್ಟೇ ಹೊಸದಾಗಲಿ, ವಿದ್ಯೆಯು ಒಬ್ಬರಿಂದೊಬ್ಬರಿಗೆ ಸಾಗುವುದು ಮಾತಿನ ಮೂಲಕ, ಪ್ರೀತಿಯ ಮೂಲಕ. ಲೋಕದ ಎಲ್ಲ ಚಿತ್ರಗಳಿಗೂ ನಮ್ಮ ತರಗತಿಯ ಬಾಗಿಲು ತೆರೆದಿರಲಿ. ಅವುಗಳನ್ನು ವಿವರಿಸುವ ಧ್ವನಿ ಮಾತ್ರ ಕನ್ನಡದ್ದಾಗಿರಲಿ. ಆ ಧ್ವನಿ ಎಲ್ಲಿಯವರೆಗೆ ಕೇಳುತ್ತದೆಯೋ ಅಲ್ಲಿಯವರೆಗೆ ಈ ನಗರದಲ್ಲಿ ಕನ್ನಡ ಶಾಲೆಗೆ ಅಳಿವಿಲ್ಲ.